ಮಾವನ ಕಾಲಿನ ಅಳತೆಯ ಕುಣಿ

ನಾನಿಲ್ಲಿ ಹೇಳುವ ತಪ್ಪುಗಳ ಫಲವನ್ನು ಉಂಡವರು ನೆಲದ ಗುಂಡಿಯಲ್ಲಿ ಕಾಲಿಟ್ಟು ನೇಯುವ ಕುಣಿಮಗ್ಗದಲ್ಲಿ ಕೂತ ಹೆಂಗಸರು. ಕುಣಿ ತೋಡಿಸಿದವರು ಉಣ್ಣಲಿಲ್ಲ, ನೂಲು ಹಂಚಿದವರು ಉಣ್ಣಲಿಲ್ಲ, ತಿಂಗಳಿಗೊಮ್ಮೆ ಸೂಜಿ ಚುಚ್ಚಿ ಮನೆಗೆ ಕಳಿಸಿದ ನಾನೂ ಉಣ್ಣಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಇಳಕಲ್ಲಿನಲ್ಲಿ ಈ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು ದವಾಖಾನೆಯ ಹೆಸರು ಕೆಟ್ಟಿತೆಂದು ಕೊರಗುತ್ತಾರೆ. ದವಾಖಾನೆಗೆ ಬೆನ್ನಿಲ್ಲ. ಅದು ನೋಯುವುದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆ ಧರ್ಮಾರ್ಥ ದವಾಖಾನೆಗೆ ವೈದ್ಯೆಯಾಗಿ ಬಂದೆ. ಬಾಗಲಕೋಟೆಯಲ್ಲಿ ಶಿಕ್ಷಕರ ಮಗಳಾಗಿ ಬೆಳೆದವಳು ನಾನು. ಕೂಲಿಗೆ ಬಂದವರನ್ನು ಬಹುವಚನದಲ್ಲಿಯೇ ಮಾತನಾಡಿಸಬೇಕು, ಅನ್ಯಾಯವನ್ನು ಕಂಡರೆ ಅದರ ಹೆಸರನ್ನು ಹೇಳಬೇಕು ಎಂದು ಕಲಿಸಿದ ಮನೆ ಅದು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದುವಾಗ ಗೋಡೆಗಳಿಗೆ ಭಿತ್ತಿಪತ್ರ ಅಂಟಿಸಿದ್ದೆ. ಬಾದಾಮಿಯಲ್ಲಿ ಎರಡು ವರ್ಷ ಕೆಲಸ ಮಾಡಿ, ಕಲ್ಲು ಒಡೆಯುವವರ ಕೆಮ್ಮನ್ನು ಕೇಳಿ ಕೇಳಿ, ಕಾಯಿಲೆಯ ಮೂಲ ದೇಹದ ಹೊರಗೂ ಇರುತ್ತದೆಂದು ತಿಳಿದುಕೊಂಡಿದ್ದೆ. ಅಥವಾ ತಿಳಿದುಕೊಂಡಿದ್ದೇನೆಂದು ನಂಬಿದ್ದೆ.

ದವಾಖಾನೆಯನ್ನು ನಡೆಸುತ್ತಿದ್ದುದು ಏಳು ಜನ ಧರ್ಮದರ್ಶಿಗಳ ಕಮಿಟಿ. ಏಳೂ ಜನ ಸೀರೆಯ ವ್ಯಾಪಾರಿಗಳು. ನೇಕಾರರ ಮನೆಗಳಿಗೆ ನೂಲು ಕೊಡುವವರೂ ಅವರೇ, ನೇಯ್ದ ಸೀರೆಯನ್ನು ಒಯ್ಯುವವರೂ ಅವರೇ. ಇದರಲ್ಲಿ ತೊಡಕಿದೆಯೆಂದು ಆಗ ನನಗೆ ಅನ್ನಿಸಲಿಲ್ಲ. ಊರಿಗೆ ಉಪಕಾರ ಮಾಡುವ ದೊಡ್ಡ ಮನುಷ್ಯರು ಎಂದು ನಾನೂ ಕೈ ಮುಗಿದಿದ್ದೆ.

ದವಾಖಾನೆಯ ಕಂಪೌಂಡರ್ ಹುನಗುಂದದ ಕಡೆಯ ಮುಸಲ್ಮಾನ ಹಿರಿಯರು. ಮೂವತ್ತು ವರ್ಷಗಳಿಂದ ಅಲ್ಲಿಯೇ ಔಷಧಿ ಕಟ್ಟಿಕೊಡುತ್ತಿದ್ದವರು. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ನಾನು ಬಂದ ಮೊದಲ ತಿಂಗಳ ಒಂದು ಮುಂಜಾನೆ ಅವರು ಗಾಜಿನ ಸಿರಿಂಜುಗಳ ಟ್ರೇಯನ್ನು ಸ್ಟೋವಿನ ಮೇಲಿಟ್ಟು ಹೇಳಿದರು.

"ಇವತ್ತ ಅಮಾಶಿ ಐತ್ರಿ ಬಾಯಾರ. ಎರಡ ಟ್ರೇ ಸೂಜಿ ಕುದಿಯಾಕ ಇಟ್ಟೇನಿ. ಇನ್ನ ನಡದ ಮೆರವಣಿಗಿ ಬರ್ತೈತಿ ನೋಡ್ರಿ."

ಅಮಾವಾಸ್ಯೆಯ ದಿನ ಇಳಕಲ್ಲಿನಲ್ಲಿ ಮಗ್ಗಗಳು ನಿಲ್ಲುತ್ತವೆ. ತಿಂಗಳಿಡೀ ನೋವನ್ನು ಕಟ್ಟಿಕೊಂಡು ಕೂತವರು ಆ ಒಂದು ದಿನ ದವಾಖಾನೆಗೆ ಬರುತ್ತಿದ್ದರು. ಸೊಂಟವನ್ನು ಅವರು ನಡ ಎನ್ನುತ್ತಾರೆ. ರಿಜಿಸ್ಟರಿನಲ್ಲಿ ಚಾಚಾ ಒಬ್ಬೊಬ್ಬರ ಹೆಸರಿನ ಮುಂದೆ 'ನಡ' ಎಂದು ಬರೆದು ಒಂದು ಗೀಟು ಎಳೆಯುತ್ತಿದ್ದರು. ಒಂದು ಸೂಜಿ, ಹತ್ತು ಬಿಳಿ ಗುಳಿಗೆ, ಮುಂದಿನ ಅಮಾವಾಸ್ಯೆಗೆ ಮತ್ತೆ. ನಾನು ಬರುವ ಮೊದಲು ಹೀಗೆಯೇ ಇತ್ತು. ಬಂದ ಮೇಲೆಯೂ ಕೆಲವು ತಿಂಗಳು ಹೀಗೆಯೇ ನಡೆಸಿದೆ. ಆ ತಿಂಗಳುಗಳು ನನ್ನ ಲೆಕ್ಕದ ಮೊದಲ ತಪ್ಪು.

ಆ ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳ ಕಥೆ ಇದು. ಮೂವತ್ತರ ಆಸುಪಾಸಿನ ವಯಸ್ಸು, ಗಿಡ್ಡನೆಯ ಮೈಕಟ್ಟು. ಕುರ್ಚಿ ತೋರಿಸಿದರೆ ಕೂರಲಿಲ್ಲ, ಗೋಡೆಗೆ ಆನಿಕೊಂಡು ನಿಂತಳು.

"ಎಲ್ಲಿ ನೋಯ್ತೈತಿ?" ಎಂದೆ.

"ಎಲ್ಲಿ ನೋಯಂಗಿಲ್ಲ ಅಂತ ಕೇಳ್ರಿ ಬಾಯಾರ. ಲಗೂ ಮುಗೀತದ."

"ಎಷ್ಟ ದಿನಾತು?"

"ನನ್ನ ಮಗಳ ಹುಟ್ಟಿದ ವರ್ಷದಿಂದ. ಆಕಿ ಈಗ ಸಾಲಿಗೆ ಹೋಗ್ತಾಳ."

"ಮೊದಲಿನ ಡಾಕ್ಟರ್ ಏನಂದ್ರು?"

"ಮನಸಿಂದ ಅಂದ್ರು. ಮನಸ್ಸು ನಡದಾಗ ಇರ್ತದೇನ್ರಿ?"

ನಾನು ಅವಳನ್ನು ಎಕ್ಸ್‌ರೇಗೆಂದು ಬಾಗಲಕೋಟೆಗೆ ಕಳಿಸಿದೆ. ನೋಯುವ ಬೆನ್ನಿನವಳನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಆ ರಸ್ತೆಯಲ್ಲಿ. ಮರಳಿ ಬಂದಾಗ ಕೈಯಲ್ಲಿ ಕಂದು ಲಕೋಟೆ, ಅದರೊಳಗಿನ ಚೀಟಿಯಲ್ಲಿ ಎರಡು ಪದ: ದೋಷವೇನೂ ಇಲ್ಲ. ಆ ಚೀಟಿಯನ್ನು ನಾನು ಗಟ್ಟಿಯಾಗಿ ಓದಿ ಹೇಳಿದೆ, ಒಳ್ಳೆಯ ಸುದ್ದಿ ಹೇಳುವವಳ ದನಿಯಲ್ಲಿ. ಅವಳು ಲಕೋಟೆಯನ್ನು ಮಡಚಿ, "ಫೋಟೋದಾಗ ಬರಲಿಲ್ಲಂದ್ರ ನಂದು ಸುಳ್ಳಾತೇನ್ರಿ?" ಎಂದಳು.

ನೋವಿನ ಕೋಣೆಯ ಯೋಚನೆ ನನಗೆ ಬಂದದ್ದು ಆ ಪ್ರಶ್ನೆಯಿಂದ. ಬೇರೆ ದೇಶಗಳಲ್ಲಿ ಹಳೆಯ ನೋವಿಗೆಂದೇ ಪ್ರತ್ಯೇಕ ಚಿಕಿತ್ಸಾಲಯಗಳು ಶುರುವಾಗಿವೆಯೆಂದು ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಓದಿದ್ದೆ. ಅಲ್ಲಿ ನೋವನ್ನು ಇನ್ನೊಂದು ರೋಗದ ನೆರಳೆಂದು ತಿಳಿಯದೆ, ಅದನ್ನೇ ಕೂತು ಆಲಿಸುತ್ತಾರಂತೆ. ನೋವಿದ್ದೂ ಬದುಕು ನಡೆಸುವ ಬಗೆಯನ್ನು ರೋಗಿಯೊಂದಿಗೆ ಸೇರಿ ಹುಡುಕುತ್ತಾರಂತೆ. ನಾನು ಕಮಿಟಿಗೆ ಅರ್ಜಿ ಬರೆದೆ. ಹಿತ್ತಲಿನ ಹಳೆಯ ನೂಲಿನ ಕೋಣೆ ಖಾಲಿ ಇದೆ, ಅದನ್ನು ಕೊಡಿ ಎಂದೆ. ಕೊಟ್ಟರು. ಅಧ್ಯಕ್ಷರಾದ ಸಾವುಕಾರರು ತಾವೇ ಬಂದು ಬಾಗಿಲಿಗೆ ತೆಂಗಿನಕಾಯಿ ಒಡೆದರು. ಫೋಟೋ ತೆಗೆಸಿದರು. ಆ ಫೋಟೋದಲ್ಲಿ ನಾನೂ ನಗುತ್ತಿದ್ದೇನೆ.

ಮಂಗಳವಾರ ಮಂಗಳವಾರ ಕೋಣೆ ತೆರೆಯುವುದೆಂದು ಫಲಕ ಬರೆಸಿದೆ. ಮೂರು ಮಂಗಳವಾರ ಕಸ ಗುಡಿಸಿ, ಚಾಪೆ ಹಾಸಿ, ಬಿಸಿನೀರು ಕಾಯಿಸಿ ಕೂತೆ. ಒಬ್ಬರೂ ಬರಲಿಲ್ಲ. ನಾಲ್ಕನೆಯ ಮಂಗಳವಾರ ಚಾಚಾ ಬಾಗಿಲಲ್ಲಿ ನಿಂತು ಕೇಳಿದರು.

"ಬಾಯಾರ, ಈ ಚಾಪಿಗೆ ನಡಾ ನೋವು ಐತೇನ್ರಿ? ಅದಕ್ಕಷ್ಟ ಔಷಧ ಕೊಡಾಕತ್ತೀರಿ."

"ಯಾಕ ಬರವೊಲ್ರು ಚಾಚಾ?"

"ಮಂಗಳಾರ ಮಗ್ಗಾ ಬಿಟ್ಟು ಯಾರ ಬರ್ತಾರ್ರಿ? ಅಮಾಶಿಗೆ ಇಡ್ರಿ. ನಡಾ ಹಿಡಕೊಂಡ ಬರ್ತಾರ, ನಿಮ್ಮ ಮಾತ ಕೇಳಿ ತಲಿ ಹಿಡಕೊಂಡ ಹೋಗ್ತಾರ."

ಅಮಾವಾಸ್ಯೆಗೇ ಇಟ್ಟೆವು. ಉಳಿದ ದಿನಗಳಲ್ಲಿ ಮಧ್ಯಾಹ್ನದ ಮೇಲೆ ನಾನೇ ಓಣಿಗಳಿಗೆ ಹೋಗುವುದೆಂದು ಠರಾವಾಯಿತು. ಹುನಗುಂದದ ಒಂದು ಅಚ್ಚುಕೂಟದಲ್ಲಿ ಕಾರ್ಡುಗಳನ್ನು ಅಚ್ಚು ಹಾಕಿಸಿದೆ. ಹೆಸರು, ನೋವಿನ ಜಾಗ, ಅದು ಏರುವ ಮತ್ತು ಇಳಿಯುವ ಹೊತ್ತು, ಆ ದಿನ ಮಾಡಿದ ಕೆಲಸ. ಕರಡು ತಿದ್ದುವಾಗ ಪಕ್ಕದಲ್ಲಿದ್ದ ಚಾಚಾ, "ಕಾರಣ ಅಂತ ಒಂದ ಖಾನೆ ಬಿಟ್ಟಿರ್ರಿ ಬಾಯಾರ. ಮುಂದ ಎಂದಾರ ತಿಳಿದ್ರ ಬರೀಲಿಕ್ಕೆ ಬರ್ತೈತಿ" ಎಂದರು. ಒಂದು ಖಾನೆ ಹೆಚ್ಚಾಯಿತು. ತಿಂಗಳುಗಟ್ಟಲೆ ಅದು ಖಾಲಿಯೇ ಉಳಿಯಿತು.

ಮೊದಲ ಅಮಾವಾಸ್ಯೆ ನಾನು ಭಾಷಣ ಮಾಡಿದೆ. ನರ, ಸ್ನಾಯು, ಬೆನ್ನುಹುರಿ ಎಂದು ಸೀಮೆಸುಣ್ಣದಲ್ಲಿ ಚಿತ್ರ ಬರೆದೆ. ಹನ್ನೆರಡು ಹೆಂಗಸರು ನನ್ನನ್ನು ಸಹಿಸಿಕೊಂಡರು. ಎರಡನೆಯ ಅಮಾವಾಸ್ಯೆ ಭಾಷಣ ಬಿಟ್ಟು, ನೋವಿಲ್ಲದ ದಿನ ಏನು ಮಾಡುತ್ತೀರಿ ಎಂದು ಕೇಳಿದೆ. ಕೋಣೆಯಲ್ಲಿ ಒಮ್ಮೆಲೇ ಗದ್ದಲವಾಯಿತು. ಎಲ್ಲರ ಉತ್ತರವೂ ಒಂದೇ. ಆರಾಮೆನಿಸಿದ ದಿನ ಎರಡು ದಿನದ ನೇಯ್ಗೆ ಒಂದೇ ದಿನ ಮುಗಿಸುತ್ತಾರೆ, ಮರುದಿನ ಎದ್ದೇಳಲಾಗದೆ ಮಲಗುತ್ತಾರೆ, ಮಲಗಿದ ದಿನದ ಕೆಲಸ ತುಂಬಲು ಮತ್ತೆ ಮೈಮುರಿದು ಕೂರುತ್ತಾರೆ. ಇದೇ ನೋವನ್ನು ಸಾಕುವ ವರ್ತುಲ ಎಂದು ವಿವರಿಸಿ, ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಆರಾಮಿದ್ದ ದಿನವೂ ಹೆಚ್ಚು ಕೂರಬೇಡಿ ಎಂದೆ.

ಗೋಡೆಗೆ ಆನಿಕೊಂಡಿದ್ದ ಅವಳು ನಕ್ಕಳು. "ಅರ್ಧ ತಾಸು ಅಂತ ಮಗ್ಗಕ್ಕ ಯಾರ ಹೇಳ್ಬೇಕ್ರಿ? ನಮ್ಮನ್ಯಾಗ ಗಡಿಯಾರಿಲ್ಲ. ಗೇಣ ಐತಿ. ಒಂದ ಗೇಣ ನೇಯ್ದ ಕೂಡ್ಲೆ ಏಳ್ತೇವಿ, ಸಾಕಲ್ರಿ?"

ಅಂದಿನಿಂದ ನಮ್ಮ ಕಾರ್ಯಕ್ರಮದ ಮೂಲ ನಿಯಮ ಅದೇ ಆಯಿತು: ಗೇಣಿಗೊಮ್ಮೆ ಏಳು. ಬೆರಳು ಚಾಚಿ ಬಟ್ಟೆ ಅಳೆಯುವುದು, ಏಳುವುದು, ಬಾಗಿಲವರೆಗೆ ಹೋಗಿ ಬರುವುದು, ಮತ್ತೆ ಕೂರುವುದು. ಓಣಿಯಲ್ಲಿ ಯಾರಾದರೂ ಎದ್ದದ್ದು ಕಂಡರೆ ಪಕ್ಕದ ಮನೆಯವಳು ಒಳಗಿನಿಂದಲೇ, "ಏನವಾ, ಗೇಣಾತೇನು?" ಎಂದು ಚೇಷ್ಟೆ ಮಾಡುತ್ತಿದ್ದಳು. ಅದರ ಜೊತೆಗೆ ಬಿಸಿ ಶಾಖ, ಚಾಪೆಯ ಮೇಲಿನ ನಾಲ್ಕು ವ್ಯಾಯಾಮ, ಹೊಟ್ಟೆ ಸುಡುತ್ತಿದ್ದ ಗುಳಿಗೆಗಳನ್ನು ಒಂದೊಂದಾಗಿ ಬಿಡಿಸುವುದು. ನಿದ್ದೆ ಬಂತೇ, ನಗು ಬಂತೇ ಎಂದು ಕೇಳುವುದೂ ಚಿಕಿತ್ಸೆಯೆಂದು ನಾನು ಅಲ್ಲಿ ಕಲಿತೆ. ಒಂದು ವರ್ಷ ಕಳೆಯುವುದರೊಳಗೆ ಅಮಾವಾಸ್ಯೆಗೆ ಒಂದು ಟ್ರೇ ಸಾಕಾಗತೊಡಗಿತು. "ಸೂಜಿಗೆ ಜಂಗ ಹತ್ತಾಕತ್ತೈತಿ ಬಾಯಾರ. ನನ್ನ ಕೆಲಸಾ ತಗೀತೀರಿ ನೀವು" ಎಂದು ಚಾಚಾ ಗೊಣಗಿದರು. ಅವರ ಗೊಣಗಾಟದಲ್ಲಿ ಹೆಮ್ಮೆ ಇತ್ತು.

ನಿಯಮ ಕೊಟ್ಟವಳಿಗೇ ನೋವು ಇಳಿಯಲಿಲ್ಲ. ಕಾರ್ಡಿನ ಮೇಲೆ ನೋವಿನ ಏರಿಳಿತ ತೋರಿಸುವ ಅವಳ ಗೀಟು ಒಂದೇ ಎತ್ತರದಲ್ಲಿತ್ತು. ಓಣಿಗಳಲ್ಲಿ ನಾನು ಬಾಗಿಲ ಕಟ್ಟೆಯ ಮೇಲೆ ಕೂತೇ ನೋವು ಕೇಳಿದ್ದೆ, ಒಳಗೆ ಹೋಗಿ ಮಗ್ಗ ನೋಡಿರಲಿಲ್ಲ. ಒಂದು ಅಮಾವಾಸ್ಯೆಯ ಮಧ್ಯಾಹ್ನ, ಕೋಣೆಯ ಕೆಲಸ ಮುಗಿದ ಮೇಲೆ, ನಾನು ಅವಳ ಮನೆಯೊಳಗೆ ಹೋದೆ. ಚಾಚಾ ಟ್ರೇ ತೊಳೆದಿಟ್ಟು ಹುನಗುಂದಕ್ಕೆ ಹೋಗಿದ್ದರು. ಮನೆಯಲ್ಲಿ ಅವಳ ಅತ್ತೆ ಇದ್ದರು. ಗಂಡ ಸೊಲ್ಲಾಪುರದ ಮಿಲ್ಲಿಗೆ ಹೋದವನು, ವರ್ಷಕ್ಕೊಮ್ಮೆ ಬರುತ್ತಿದ್ದ.

ಕುಣಿಮಗ್ಗವನ್ನು ನೋಡದವರಿಗಾಗಿ ಹೇಳುತ್ತೇನೆ. ನೆಲದಲ್ಲಿ ಒಂದು ಚೌಕಾಕಾರದ ಕುಣಿ. ನೇಯುವವರು ಅದರ ಅಂಚಿನ ಹಲಗೆಯ ಮೇಲೆ ಕೂತು ಕಾಲನ್ನು ಒಳಗೆ ಇಳಿಬಿಟ್ಟು, ಹಗ್ಗದಿಂದ ಕಟ್ಟಿದ ಎರಡು ಮರದ ಪಟ್ಟಿಗಳನ್ನು ಒಂದಾದ ಮೇಲೊಂದು ತುಳಿಯುತ್ತಾರೆ. ನಾನು ಅವಳಿಗೆ ಕೂರಲು ಹೇಳಿದೆ. ಕೂತಳು. ಅವಳ ಪಾದ ಪಟ್ಟಿಗೆ ಮುಟ್ಟಲಿಲ್ಲ. ಮುಟ್ಟಿಸಲು ಅವಳು ಹಲಗೆಯ ತುದಿಗೆ ಜಾರಿದಳು, ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿದಳು, ಹೆಬ್ಬೆರಳಿನಿಂದ ಪಟ್ಟಿಯನ್ನು ಒತ್ತಿದಳು. ಮುಂಜಾನೆಯಿಂದ ಸಂಜೆಯವರೆಗೆ, ಏಳು ವರ್ಷ, ಹೆಬ್ಬೆರಳಿನಿಂದ.

"ಈ ಕುಣಿ ಯಾರ ಅಳತಿಗೆ ತೋಡಿದ್ದರಿ?" ಎಂದು ಅತ್ತೆಯನ್ನು ಕೇಳಿದೆ.

"ನಮ್ಮ ಮನಿಯವ್ರ ಕಾಲಿಂದು. ಏನ ಎತ್ತರ ಆಳು ಅಂತೀರಿ! ಬಾಗಲದಾಗ ಬಗ್ಗಿ ಬರ್ತಿದ್ರು. ನನ್ನ ಮಗಾನೂ ಹಂಗ ಅದಾನ, ಅಪ್ಪನ ಅಳತಿ."

ಆ ಹಿರಿಯರು ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದವು. ಎತ್ತರದ ಮಗ ಸೊಲ್ಲಾಪುರಕ್ಕೆ ಹೋದ. ಅವನ ಜಾಗದಲ್ಲಿ ಗಿಡ್ಡ ಹೆಂಡತಿ ಕೂತಳು. ಕುಣಿ ಹಾಗೆಯೇ ಇತ್ತು. ಆ ಓಣಿಯ ಗಂಡಸರು ಒಬ್ಬೊಬ್ಬರಾಗಿ ಮಿಲ್ಲುಗಳಿಗೆ ಹೋಗಿದ್ದರು, ಅವರ ಅಳತೆಯ ಕುಣಿಗಳಲ್ಲಿ ಅವರ ಹೆಂಡಂದಿರು ಕೂತಿದ್ದರು. ನೂಲು ಕೊಡುವವರು ಪ್ರತಿ ತಿಂಗಳೂ ಆ ಮನೆಗಳಿಗೆ ಬಂದು ಸೀರೆಯ ಉದ್ದವನ್ನೂ ಅಗಲವನ್ನೂ ಬೆರಳಿಟ್ಟು ಅಳೆದಿದ್ದರು. ಕೂತವಳ ಕಾಲನ್ನು ಯಾರೂ ಅಳೆಯಲಿಲ್ಲ. ನಾನು ಕಾರ್ಡು ತೆಗೆದು, ಖಾಲಿ ಖಾನೆಯಲ್ಲಿ ಬರೆದೆ. ಕಾರಣ: ಕುಣಿಯ ಆಳ.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕಂಡುಹಿಡಿದ ಸಂಭ್ರಮದಲ್ಲಿ ನಾನು ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಎರಡು ಬುಟ್ಟಿ ಗರಸು ಮಣ್ಣು ಹಾಕಿ ಕುಣಿಯನ್ನು ಒಂದು ಗೇಣು ತುಂಬಿಸಬೇಕು. ಅತ್ತೆ ಆಗ ಹಿತ್ತಲಿಗೆ ಹೋಗಿದ್ದರು. ಅವಳು ನನ್ನ ಮುಖ ನೋಡಿದಳು, ಏನೋ ಹೇಳಲು ಹೋಗಿ ಬಿಟ್ಟಳು. ವೈದ್ಯರು ಹೇಳಿದ ಮಾತಿಗೆ ಎದುರಾಡದಿರುವುದನ್ನು ಅವಳಿಗೆ ಕಲಿಸಿದವರಲ್ಲಿ ನಾನೂ ಒಬ್ಬಳು.

ಮರುದಿನ ಮುಂಜಾನೆ ಅತ್ತೆ ನೀರಿಗೆ ಹೋದಾಗ ಅವಳು ಗರಸು ತಂದು ಸುರಿದಳು. ಮಧ್ಯಾಹ್ನದ ಹೊತ್ತಿಗೆ ಚಾಚಾ ಓಡುತ್ತ ಬಂದರು. ಅವರು ಓಡಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

"ಬಾಯಾರ, ಅಕಿ ಮನಿ ಕುಣಿಗೆ ಮಣ್ಣ ಹಾಕ್ಸೀರೇನ್ರಿ?"

"ಹೌದು. ಯಾಕ?"

"ಮೂವತ್ತ ವರ್ಷಾತು ನಾ ಈ ಓಣ್ಯಾಗ ಅಡ್ಡಾಡಾಕತ್ತು. ಒಂದ ಮಾತ ನನ್ನ ಕೇಳಬೇಕಿತ್ರಿ."

ಆ ಓಣಿಯಲ್ಲಿ ಮಗ್ಗದ ಕುಣಿಗೆ ಮಣ್ಣು ಹಾಕುವುದು ಒಂದೇ ಸಂದರ್ಭದಲ್ಲಿ. ಮನೆಯ ಕೊನೆಯ ನೇಕಾರ ತೀರಿಕೊಂಡು, ಮುಂದೆ ನೇಯಲು ಯಾರೂ ಉಳಿಯದಿದ್ದಾಗ. ಓಣಿಯ ಹಿರಿಯರು ಬಂದು ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ನೂಲು ಕೊಟ್ಟವರು ಬಂದು ಹಾಸನ್ನು, ಎಂದರೆ ಮಗ್ಗಕ್ಕೆ ಉದ್ದಕ್ಕೂ ಬಿಗಿದ ನೂಲನ್ನು, ಬಿಚ್ಚಿಕೊಂಡು ಹೋಗುತ್ತಾರೆ. ಆ ಮನೆಯ ನೇಯ್ಗೆ ಅಲ್ಲಿಗೆ ಮುಗಿಯಿತು.

ನಾನು ಹೋದಾಗ ಓಣಿಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅತ್ತೆ ಕುಣಿಯೊಳಗೆ ಇಳಿದು ಕೈಯಿಂದಲೇ ಗರಸು ಬಾಚಿ ಹೊರಗೆ ಎಸೆಯುತ್ತಿದ್ದರು. "ನನ್ನ ಮಗಾ ಜೀವಂತ ಅದಾನ! ಸೊಲ್ಲಾಪುರದಾಗ ಅದಾನ! ಯಾರ ಹೇಳಿದ್ರವಾ ನಿನಗ ಮಣ್ಣ ಹಾಕಂತ?" ಎನ್ನುತ್ತಿದ್ದರು. ನನ್ನನ್ನು ಕಂಡು ಕೈ ನಿಲ್ಲಿಸಿದರು. "ನೀವೇನ್ರಿ?" ಎಂದರು. ಅಷ್ಟೇ. ಆ ಒಂದು ಮಾತಿನ ಎದುರು ನನ್ನ ಓದು, ನನ್ನ ಭಿತ್ತಿಪತ್ರಗಳು, ನನ್ನ ಪ್ರಗತಿಪರ ಮನೆ ಯಾವುದೂ ಉಪಯೋಗಕ್ಕೆ ಬರಲಿಲ್ಲ. ನಾನು ಕುಣಿಗೆ ಇಳಿದು ಅವರೊಂದಿಗೆ ಗರಸು ಎತ್ತಿದೆ.

ಅಷ್ಟರಲ್ಲಾಗಲೇ ಸಾವುಕಾರರ ಗುಮಾಸ್ತ ಬಂದು ಹೋಗಿದ್ದ. ಮಗ್ಗದ ಮೇಲೆ ಒಂದು ಗೇಣು ನೇಯ್ದ ಸೀರೆಯಿತ್ತು. ಅದನ್ನು ಹಾಸಿನ ಸಮೇತ ಕತ್ತರಿಸಿ, ಸುತ್ತಿ, ಬಗಲಿಗೆ ಇಟ್ಟುಕೊಂಡು ಹೋಗಿದ್ದ. ಕುಣಿ ಮುಚ್ಚಿದ ಮನೆಗೆ ನೂಲಿಲ್ಲ ಎಂದಿದ್ದನಂತೆ. ಅವಳು ಬರಿಯ ಮಗ್ಗದ ಎದುರು ನಿಂತಿದ್ದಳು.

ಕುಣಿ ಖಾಲಿಯಾದ ಮೇಲೆ ಅತ್ತೆ ಒಳಗೆ ಹೋಗಿ, ಉಣ್ಣಲು ಕೂರುವ ಒಂದು ಮರದ ಮಣೆಯನ್ನು ತಂದರು. ಅದನ್ನು ಕುಣಿಯ ತಳದಲ್ಲಿ ಇಟ್ಟರು. ಪಟ್ಟಿಯ ಹಗ್ಗಗಳನ್ನು ಬಿಚ್ಚಿ, ಗಿಡ್ಡ ಮಾಡಿ, ಮತ್ತೆ ಬಿಗಿದರು. "ಕೂಡು" ಎಂದರು ಸೊಸೆಗೆ. ಅವಳು ಕೂತಳು. ಹಿಂದೆ ಸರಿದು, ಹಲಗೆಯ ಮೇಲೆ ಪೂರ್ತಿ ಕೂತಳು. ಎರಡೂ ಪಾದ ಸಪಾಟಾಗಿ ಪಟ್ಟಿಯ ಮೇಲೆ. ಬೆನ್ನು ನೆಟ್ಟಗೆ.

"ಅತ್ತಿ, ಇದ ಮೊದಲ ಯಾಕ ಹೊಳೀಲಿಲ್ಲ?"

"ನಿನ್ನ ಕಾಲ ಮುಟ್ಟಂಗಿಲ್ಲಂತ ನೀ ಎಂದ ಹೇಳಿದ್ದಿ?"

"ಹೇಳಿದ್ರ ಬೈತಿದ್ದಿ."

"ಬೈತಿದ್ದೆ. ಬೈದು ಮಣಿ ಇಡ್ತಿದ್ದೆ."

ಬಾಗಿಲಲ್ಲಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಂಜೆಯೊಳಗೆ ಆ ಓಣಿಯ ಎಷ್ಟೋ ಮನೆಗಳಲ್ಲಿ ಉಣ್ಣುವ ಮಣೆಗಳು ಕುಣಿಗೆ ಇಳಿದವು. ಯಾರೂ ನನ್ನನ್ನು ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಇರಲಿಲ್ಲ.

ಅವಳ ಕಾಲಿಗೆ ಮಣೆ ಸಿಕ್ಕಿತು. ಆದರೆ ಮಗ್ಗದ ಮೇಲೆ ಹಾಸಿಲ್ಲ. ಮರುದಿನ ನಾನು ಸಾವುಕಾರರ ಅಂಗಡಿಗೆ ಹೋದೆ. ಗಾದಿಯ ಮೇಲೆ ಒರಗಿದ್ದ ಅವರು ಮೊದಲು ಚಹಾ ತರಿಸಿದರು. ತಪ್ಪು ನನ್ನದು, ಕುಣಿ ಈಗ ಮತ್ತೆ ತೆರೆದಿದೆ, ಹಾಸು ಮರಳಿಸಿ ಎಂದೆ.

"ಹಾಸೇನ ದೊಡ್ಡ ಮಾತಲ್ರಿ ಡಾಕ್ಟರ್ ಬಾಯಾರ. ನಾಳೆ ಕಳಸ್ತೇನಿ. ಆದ್ರ ನಿಮ್ಮ ಕಾರ್ಡಿನ್ಯಾಗ ಅದೇನೋ ಬರ್ದೀರಂತಲ್ಲ, ಕುಣಿ ಆಳ ಅಂತ. ಅದನ್ನ ಅಳಸ್ರಿ. ಆ ಖಾನೆನ ತಗೀರಿ."

"ಅದು ಖರೆ ಐತ್ರಿ ಸಾವ್ಕಾರ್ರ."

"ಖರೆ ಸುಳ್ಳು ಬ್ಯಾರೆ. ಇವತ್ತ ಕುಣಿ ಅಂತೀರಿ, ನಾಳೆ ಬೆಳಕ ಇಲ್ಲಂತೀರಿ, ನಾಡದ ನೂಲ ಕೊಡಾವ್ರ ಕಾರಣ ಅಂತೀರಿ. ದವಾಖಾನಿ ಇರೂದು ನಡಾ ನೋಡಾಕ, ಮಗ್ಗಾ ನೋಡಾಕಲ್ಲ. ಕಾಯಕದಾಗ ಇಷ್ಟ ನೋವ ಇರೂದರಿ. ನಿಮ್ಮ ಮನ್ಯಾಗ ಹಿರ್ಯಾರು ಹೇಳಿಲ್ಲೇನು?"

ಕಾಯಕವೆಂಬ ಮಾತನ್ನು ನನ್ನ ಮನೆಯಲ್ಲಿಯೂ ದಿನಾಲೂ ಕೇಳಿ ಬೆಳೆದವಳು ನಾನು. ದುಡಿಮೆಗೆ ಗೌರವ ತರಲೆಂದು ಹುಟ್ಟಿದ ಆ ಮಾತನ್ನು, ದುಡಿಯುವವಳ ಬಾಯಿ ಮುಚ್ಚಿಸಲು ಬಳಸುವುದು ನಾನು ಕಂಡ ತಪ್ಪುಗಳಲ್ಲೆಲ್ಲ ದೊಡ್ಡ ತಪ್ಪು.

"ಹಂಗಾದ್ರ ನೀವೂ ಒಂದ ಗೇಣ ಕಾಯಕ ಮಾಡ್ರಿ," ಎಂದೆ, "ಆ ಕುಣಿಯಾಗ, ಮಣಿ ತಗದು, ಹೆಬ್ಬೆರಳಿಲೆ." ಚಹಾ ಅಲ್ಲಿಯೇ ಬಿಟ್ಟು ಎದ್ದೆ.

ಎದ್ದು ಬಂದದ್ದು ನನಗೆ ಸುಲಭ. ಮಗ್ಗ ಖಾಲಿಯಿದ್ದದ್ದು ಅವಳ ಮನೆಯಲ್ಲಿ. ಸೊಲ್ಲಾಪುರದಿಂದ ಬರುವ ಹಣ ಸಾಲದೆ, ಆ ಮಗ್ಗದ ಮೇಲೆಯೇ ಅತ್ತೆ, ಸೊಸೆ, ಮಗಳು ಉಣ್ಣುತ್ತಿದ್ದರು. ನಾನು ದಾರಿಯುದ್ದಕ್ಕೂ ಅದನ್ನೇ ಯೋಚಿಸಿ, ಖಾನೆ ಅಳಿಸುವುದೇ ನ್ಯಾಯವೆಂದು ನಿಶ್ಚಯಿಸಿ ಅವಳ ಮನೆಗೆ ಹೋದೆ. ಮಾತೆಲ್ಲ ಹೇಳಿದೆ. ಕಾರ್ಡು ಕೈಯಲ್ಲಿಯೇ ಇತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ಮಗಳನ್ನು ಕರೆದು, "ಏನ ಬರದಾರ ಓದು" ಎಂದಳು. ಹುಡುಗಿ ಅಕ್ಷರ ಕೂಡಿಸಿ ಓದಿದಳು. ಕಾರಣ, ಕುಣಿಯ ಆಳ.

"ಅಳಸಬ್ಯಾಡ್ರಿ" ಎಂದಳು ಅವಳು.

"ಹಾಸು?"

"ಇಷ್ಟ ವರ್ಷ ನನ್ನ ನೋವಿಗೆ ಕಾರಣ ಇಲ್ಲಂದ್ರು. ಮನಸಿಂದ ಅಂದ್ರು, ಫೋಟೋದಾಗ ಇಲ್ಲಂದ್ರು, ಕೆಲಸಗಳ್ಳಿ ಅಂದ್ರು. ಈಗ ಒಬ್ಬರ ಬರದಾರ. ಅದನ್ನ ಅಳಸಿ ತಂದ ಹಾಸು ನಾ ನೇಯಂಗಿಲ್ರಿ. ಬೇಕಾದ್ರ ಅವ್ರ ನೇಯ್ಲಿ."

ಅತ್ತೆ ಬಾಗಿಲ ಬಳಿ ಕೂತು ಮಗ್ಗದಲ್ಲಿ ಉಳಿದ ತುಂಡು ನೂಲು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಹಂಗ ಹೇಳ ಅವ್ರಿಗೆ" ಎಂದರು.

ನಾನು ಅಳಿಸಲಿಲ್ಲ. ಮುಂದಿನ ಕಮಿಟಿಯ ಸಭೆಯಲ್ಲಿ ನೋವಿನ ಕೋಣೆಯನ್ನು ಮುಚ್ಚುವ ಠರಾವಾಯಿತು. ಜಾಗದ ಅಭಾವ ಎಂದು ಕಾರಣ ಬರೆದರು. ಕಾರಣದ ಖಾನೆ ಬೇಡವೆಂದವರಿಗೆ ಆ ದಿನ ಒಂದು ಕಾರಣ ಬೇಕಾಯಿತು. ಕಾರ್ಡುಗಳನ್ನೆಲ್ಲ ಒಂದು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ನನ್ನ ನೌಕರಿಯನ್ನೂ ಆ ತಿಂಗಳಿಗೆ ಮುಗಿಸಿದರು.

ಮುಂದಿನ ಅಮಾವಾಸ್ಯೆ ನಾನು ನನ್ನ ಪುಸ್ತಕಗಳನ್ನು ಒಯ್ಯಲು ದವಾಖಾನೆಗೆ ಹೋದಾಗ, ಕೀಲಿ ಹಾಕಿದ ಕೋಣೆಯ ಮುಂದಿನ ಪಡಸಾಲೆಯಲ್ಲಿ ಹೆಂಗಸರು ಕೂತಿದ್ದರು. ಚಾಪೆಗಳು ಒಳಗೇ ಉಳಿದಿದ್ದವು. ಅವರು ಕುಣಿಯಿಂದ ತೆಗೆದ ಮಣೆಗಳನ್ನು ತಂದು ಅವುಗಳ ಮೇಲೆ ಕೂತಿದ್ದರು. ನಡುವೆ ನಿಂತು ಅವಳು ಕೈ ಮೇಲೆತ್ತಿ ವ್ಯಾಯಾಮ ಮಾಡಿಸುತ್ತಿದ್ದಳು. ಗೋಡೆಗೆ ಆನಿಕೊಂಡಿರಲಿಲ್ಲ. ಚಾಚಾ ಸ್ಟೋವಿನ ಮೇಲೆ ಸಿರಿಂಜಿನ ಟ್ರೇಯಲ್ಲಿ ಶಾಖಕ್ಕೆ ನೀರು ಕಾಯಿಸುತ್ತಿದ್ದರು. "ಬರ್ರಿ ಬಾಯಾರ," ಎಂದರು, "ಕೋಣಿಗೆ ಕೀಲಿ ಐತಿ, ಅಮಾಶಿಗೆ ಹಾಕಾಕ ಬಂದಿಲ್ಲ ಅವ್ರಿಗೆ."

ಈಗ ಎಂಬತ್ತರ ದಶಕ ಮುಗಿಯುತ್ತ ಬಂದಿದೆ. ನಾನು ಹುನಗುಂದದಲ್ಲಿ ಸಣ್ಣದೊಂದು ದವಾಖಾನೆ ಇಟ್ಟುಕೊಂಡು, ಪ್ರತಿ ಅಮಾವಾಸ್ಯೆಗೂ ಬಸ್ಸು ಹಿಡಿದು ಇಳಕಲ್ಲಿಗೆ ಹೋಗುತ್ತೇನೆ. ಪಡಸಾಲೆಯ ಕಾರ್ಯಕ್ರಮ ನಿಂತಿಲ್ಲ. ಐಹೊಳೆಯ ಕಡೆಯಿಂದ ಹೊಲದ ಕೂಲಿಯ ಹೆಂಗಸರೂ ಬರತೊಡಗಿದ್ದಾರೆ. ಅವಳು ತನ್ನ ಮಣೆಯನ್ನು ಬಗಲಿಗೆ ಇಟ್ಟುಕೊಂಡು ಎರಡು ಓಣಿ ಆಚೆ ಬೇರೆಯವರ ಮಗ್ಗದಲ್ಲಿ ನೇಯಲು ಹೋಗುತ್ತಾಳೆ. ನೋವು ಪೂರ್ತಿ ಹೋಗಿಲ್ಲ, ಹೋಗುತ್ತದೆಂದು ನಾನು ಯಾರಿಗೂ ಮಾತು ಕೊಟ್ಟಿಲ್ಲ. ಆದರೆ ಅವಳು ಈಗ ಕುರ್ಚಿಯಲ್ಲಿ ಕೂರುತ್ತಾಳೆ. ಅವಳ ಮನೆಯ ಕುಣಿ ತೆರೆದೇ ಇದೆ. ಅತ್ತೆ ಪ್ರತಿ ಅಮಾವಾಸ್ಯೆ ಅದರ ಅಂಚಿಗೆ ದೀಪ ಹಚ್ಚುತ್ತಾರೆ, ಒಂದು ಕಲ್ಲೂ ಅದರೊಳಗೆ ಬೀಳಗೊಟ್ಟಿಲ್ಲ. ಮಗ್ಗದ ಮೇಲೆ ಹಾಸಿಲ್ಲ.

ಧರ್ಮದರ್ಶಿಗಳೇ, ಏಳು ಜನಕ್ಕೂ ಹೇಳುತ್ತಿದ್ದೇನೆ. ಬರುವ ಅಮಾವಾಸ್ಯೆಯೊಳಗೆ ಆ ಕೋಣೆಯ ಕೀಲಿ ತೆಗೆಯಿರಿ. ಕಪಾಟಿನಲ್ಲಿರುವ ಕಾರ್ಡುಗಳನ್ನು, ಕಾರಣದ ಖಾನೆಯಲ್ಲಿ ಬರೆದದ್ದು ಒಂದಕ್ಷರವೂ ಅಳಿಯದಂತೆ, ಅವುಗಳ ಮೇಲೆ ಹೆಸರಿರುವ ಹೆಂಗಸರ ಕೈಗೆ ಕೊಡಿ. ನಿಮ್ಮ ನೂಲು ಹೋಗುವ ಪ್ರತಿ ಮನೆಯ ಕುಣಿಯನ್ನೂ ಇಂದು ಅದರಲ್ಲಿ ಕೂರುವವಳ ಕಾಲಿಗೆ ಅಳೆದು ಹೊಂದಿಸಿಕೊಡಿ. ಅಧ್ಯಕ್ಷರು ತಮ್ಮ ಗುಮಾಸ್ತನನ್ನು ಕಳಿಸದೆ ತಾವೇ ಅವಳ ಮನೆಗೆ ಹೋಗಿ, ಅಂದು ಕತ್ತರಿಸಿ ಒಯ್ದಷ್ಟು ಹಾಸನ್ನು ಅವಳ ಮಗ್ಗಕ್ಕೆ ಮರಳಿ ಬಿಗಿಸಲಿ. ಮೊದಲ ಗೇಣು ನೇಯುವುದು ಅಧ್ಯಕ್ಷರೇ. ಮಣೆಯನ್ನು ನಾನು ಹೊರಗೆ ತೆಗೆದಿಟ್ಟಿರುತ್ತೇನೆ.